ಹಾಸನದ ಶಾಲೆಯಂಗಳದಲ್ಲಿ ಮೂರು ಮಡಿ ತೋಟ: ಜೂನ್‌ನಿಂದ ಮತ್ತೆ ಜೂನ್‌ವರೆಗೆ

ಶಾಲೆಯಲ್ಲಿ ತೋಟ ಮಾಡಿ ಕೈಬಿಟ್ಟವರನ್ನು ಕೇಳಿ ನೋಡಿ, ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಜೂನ್ 5ಕ್ಕೆ ಪರಿಸರ ದಿನ ಅಂತ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಆಷಾಢದ ಜಡಿಮಳೆಗೆ ಅರ್ಧ ಕೊಳೆಯುತ್ತದೆ. ದಸರಾ ರಜೆಯಲ್ಲಿ ಬೀದಿ ದನ ನುಗ್ಗಿ ಮೇಯುತ್ತವೆ. ಉಳಿದದ್ದು ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ಮುಂದಿನ ಜೂನ್‌ಗೆ ಅದೇ ಗುಂಡಿಯಲ್ಲಿ ಹೊಸ ಗಿಡ, ಹೊಸ ಫೋಟೊ. ನಾನು ಹಾಸನ ನಗರದ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವಳು. ನನ್ನ ಮೊದಲ ವರ್ಷವೂ ಹೀಗೇ ಹೋಯಿತು. ಮೇ ಕೊನೆಯಲ್ಲಿ ಗೇಟು ತೆಗೆದಾಗ ಒಣಗಿದ ಟೊಮೆಟೊ ಕಡ್ಡಿಗಳ ನಡುವೆ ಪಾರ್ಥೇನಿಯಂ ಕಳೆ ಸೊಂಟದೆತ್ತರ ಬೆಳೆದಿತ್ತು. ಅದನ್ನು ನೋಡಿ ಐದನೇ ತರಗತಿಯ ಮಕ್ಕಳು ಸುಮ್ಮನೆ ನಿಂತುಬಿಟ್ಟಿದ್ದರು.

ತಪ್ಪು ನನ್ನ ಲೆಕ್ಕದಲ್ಲಿತ್ತು. ರೈತರ ಮಳೆ ನಕ್ಷತ್ರ ನೋಡಿ ಬಿತ್ತಿದ್ದೆ, ಶಾಲೆಯ ಕ್ಯಾಲೆಂಡರ್ ನೋಡಿರಲಿಲ್ಲ. ದಸರಾಕ್ಕೆ ಎರಡು ವಾರ, ಬೇಸಿಗೆಗೆ ಸುಮಾರು ಏಳು ವಾರ ಯಾರೂ ಇಲ್ಲದ ಜಾಗ ಅದು. ರಜೆಗಳನ್ನು ಮೊದಲು ಗುರುತು ಹಾಕಿಕೊಂಡು, ಅವುಗಳ ನಡುವೆ ಯಾವ ಬೆಳೆ ಹಿಡಿಸುತ್ತದೆ ಎಂದು ನೋಡಿ ಬಿತ್ತಿದ ಮೇಲೆ ನಮ್ಮ ತೋಟ ನಿಂತಿತು. ಹಾಸನದ ಮಳೆ, ಇಲ್ಲಿನ ಕೆಂಪು ಮಣ್ಣು, ಇಲ್ಲಿನ ಶಾಲೆಯಂಗಳ ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನವರು ಮಳೆಗಾಲ ಇನ್ನೂ ಜೋರು ಎಂದುಕೊಂಡು ಓದಿಕೊಳ್ಳಬಹುದು.

ಮೊದಲು ಜನ, ಆಮೇಲೆ ಗುದ್ದಲಿ

ಗುದ್ದಲಿ ಹಿಡಿಯುವ ಮೊದಲು ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆಸಿ. ಈ ಹೆಜ್ಜೆಯನ್ನು ನಾನು ಮೊದಲ ಸಲ ಹಾರಿಸಿದ್ದೆ. ಎರಡನೇ ವರ್ಷ ಸಭೆಯಲ್ಲಿ ವಿಷಯ ಎತ್ತಿದಾಗ ಗಾರೆ ಕೆಲಸ ಮಾಡುವ ಒಬ್ಬ ತಂದೆ ಎದ್ದು ನಿಂತು, "ಮಿಸ್, ನಾವು ಮಣ್ಣು ಹೊತ್ತಿದ್ದು ಸಾಕು ಅಂತ ಮಗನ್ನ ಸ್ಕೂಲಿಗೆ ಕಳಿಸ್ತಿದೀವಿ. ಇಲ್ಲೂ ಮಣ್ಣೇ ಹೊರ್ಸಿದ್ರೆ ಹೆಂಗೆ?" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಹಳ್ಳಿಯಲ್ಲಿ ಜಮೀನು ಬಿಟ್ಟು ಪೇಟೆಗೆ ಬಂದವರಿಗೆ ಮಣ್ಣು ಅಂದರೆ ಹವ್ಯಾಸವಲ್ಲ, ಬಿಟ್ಟುಬಂದ ಕಷ್ಟ.

ಅವತ್ತಿನ ಸಭೆಯಲ್ಲೇ ಕೆಲವು ಕಟ್ಟುಪಾಡು ಮಾಡಿಕೊಂಡೆವು, ಇವತ್ತಿಗೂ ಮೀರಿಲ್ಲ. ಒಂದು ತರಗತಿಗೆ ವಾರಕ್ಕೆ ಎರಡೇ ಪಿರಿಯಡ್. ಅಗೆಯುವುದು, ಹೊರುವುದು ದೊಡ್ಡವರ ಕೆಲಸ. ಬಿತ್ತುವುದು, ನೀರು ಹಾಕುವುದು, ಅಳೆಯುವುದು, ಕೊಯ್ಯುವುದು ಮಕ್ಕಳದ್ದು. ತೋಟದಲ್ಲಿ ಕಳೆದ ಪ್ರತಿ ಪಿರಿಯಡ್ಡಿಗೂ ನೋಟ್‌ಬುಕ್ಕಿನಲ್ಲಿ ಏನಾದರೂ ಬರಹ ಇರಬೇಕು. ತಡವಾಗಿ ಬಂದವರಿಗೆ, ಹೋಂವರ್ಕ್ ಮಾಡದವರಿಗೆ ತೋಟದ ಕೆಲಸವನ್ನು ಶಿಕ್ಷೆಯಾಗಿ ಕೊಡಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರ ಮನೆಯವರು ಏನು ಕೆಲಸ ಮಾಡುತ್ತಾರೆ ಎಂದು ನೋಡಿ ಇಲ್ಲಿ ಕೆಲಸ ಹಂಚಕೂಡದು. ಸಗಣಿ ಕಲಸುವ ಸರದಿ ಎಲ್ಲರಿಗೂ ಬರುತ್ತದೆ, ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ, ಮೇಷ್ಟ್ರಿಗೂ ಮಿಸ್ಸಿಗೂ. ಆ ತಂದೆ ಮುಂದಿನ ಸಭೆಗೆ ಬಂದಾಗ ಮೊದಲು ಕೇಳಿದ್ದು ಮಗನ ನೋಟ್‌ಬುಕ್ಕನ್ನೇ.

ಎರಡನೆಯದಾಗಿ ಬಿಸಿಯೂಟದ ಅಡುಗೆಯವರ ಹತ್ತಿರ ಕೂತು ಮಾತಾಡಿ. ನಾನು ಹೂಕೋಸು, ಕ್ಯಾರೆಟ್ ಎಂದೆಲ್ಲ ಪಟ್ಟಿ ಮಾಡಿಕೊಂಡು ಹೋಗಿದ್ದೆ. ನಮ್ಮ ಅಡುಗೆ ಅಕ್ಕ ಪಟ್ಟಿ ನೋಡಲೇ ಇಲ್ಲ. "ಕರಿಬೇವು ಹಾಕ್ಸಿ ಮಿಸ್, ದಿನಾ ಬೇಕು. ಆಮೇಲೆ ಕೊತ್ತಂಬರಿ, ನುಗ್ಗೆಸೊಪ್ಪು. ಮಿಕ್ಕಿದ್ದು ನಿಮ್ಮಿಷ್ಟ." ಆ ಪಟ್ಟಿಯೇ ಸರಿಯಾದದ್ದು. ದಿನವೂ ಸ್ವಲ್ಪ ಸ್ವಲ್ಪ ಕೀಳುವ ಗಿಡ ಶಾಲೆಗೆ ಬೇಕು, ವರ್ಷಕ್ಕೊಮ್ಮೆ ರಾಶಿ ಬರುವ ಬೆಳೆ ಬೇಡ.

ಮೂರನೆಯವರು, ಸಂಜೆ ಶಾಲೆಯ ಬಯಲಿನಲ್ಲಿ ಕ್ರಿಕೆಟ್ ಆಡುವ ಹುಡುಗರು. ಬೇಲಿ ಎಷ್ಟೇ ಎತ್ತರ ಕಟ್ಟಿ, ಚೆಂಡು ಮಡಿಗೆ ಬಿದ್ದೇ ಬೀಳುತ್ತದೆ. ಅವರನ್ನು ಗದರುವ ಬದಲು ಭಾನುವಾರದ ನೀರಿನ ಸರದಿ ಅವರಿಗೆ ಕೊಡಿ, ಮೊದಲ ಮೂಲಂಗಿಯನ್ನೂ ಅವರಿಗೇ ಕೊಡಿ.

ಮುಖ್ಯಶಿಕ್ಷಕರು ಹಿಂಜರಿದರೆ ಹೇಳಲು ಆಧಾರವೂ ಇದೆ. ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಶಾಲೆಗಳಲ್ಲಿ ಪೌಷ್ಟಿಕ ತೋಟ ಮಾಡಲು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಜಾಗವಿಲ್ಲದ ನಗರದ ಶಾಲೆಗಳು ಕುಂಡ, ಚೀಲ, ಡಬ್ಬಗಳಲ್ಲಿ ಬೆಳೆಯಬಹುದೆಂದು ಅದರಲ್ಲೇ ಇದೆ.

ಬಿಸಿಲಿನ ನಕ್ಷೆ

ಸೊಪ್ಪಿಗೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಸಾಕು, ಕಾಯಿ ಬಿಡುವ ಗಿಡಕ್ಕೆ ಆರು ಗಂಟೆಯಾದರೂ ಬೇಕು. ಪೇಟೆಯ ಶಾಲೆಯಲ್ಲಿ ಪಕ್ಕದ ಮೂರಂತಸ್ತಿನ ಕಟ್ಟಡವೇ ಅರ್ಧ ಬಿಸಿಲು ನುಂಗಿರುತ್ತದೆ. ಹಾಗಾಗಿ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಬೆಳಿಗ್ಗೆ 10, ಮಧ್ಯಾಹ್ನ 12, 2 ಮತ್ತು 4 ಗಂಟೆಗೆ ಅಂಗಳದಲ್ಲಿ ನೆರಳಿನ ಅಂಚನ್ನು ಗೆರೆ ಎಳೆಯಲು ಹೇಳಿ. ಮಣ್ಣಿನ ನೆಲವಾದರೆ ಕಡ್ಡಿ ನೆಡಲಿ. ನಾಲ್ಕು ಸಲವೂ ನೆರಳು ತಾಗದ ಜಾಗವೇ ನಿಮ್ಮ ತೋಟ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುತ್ತದೆ, ಆಗ ಇನ್ನೊಮ್ಮೆ ಗೆರೆ ಎಳೆಸಿ. ಭೂಮಿಯ ಚಲನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಪುಸ್ತಕದಲ್ಲಿಲ್ಲ.

ಹಳೆಯ ಬಣ್ಣದ ಗೋಡೆಯ ಬುಡ ಬೇಡ, ಉದುರಿದ ಬಣ್ಣದಲ್ಲಿ ಸೀಸ ಇರಬಹುದು. ಬಿ.ಎಂ. ರಸ್ತೆಯಂಥ ದೊಡ್ಡ ರಸ್ತೆಗೆ ಅಂಟಿದ ಕಾಂಪೌಂಡ್ ಬದಿಯಲ್ಲಿ ಸೊಪ್ಪು ಹಾಕಬೇಡಿ, ಅಲ್ಲಿ ದಾಸವಾಳದ ಸಾಲು ನೆಡಿ. ತಾರಸಿ ತೋಟದ ಆಸೆಯನ್ನೂ ಬಿಡಿ. ಒದ್ದೆ ಮಣ್ಣು ಒಂದು ಚದರ ಮೀಟರಿಗೆ ಒಂದಡಿ ದಪ್ಪ ಹಾಕಿದರೆ ಸುಮಾರು 500 ಕಿಲೋ ತೂಗುತ್ತದೆ. ನಮ್ಮ ಹಳೆಯ ಶಾಲಾ ಕಟ್ಟಡಗಳ ಮೇಲೆ ಆ ಭಾರ ಹೊರಿಸುವ ಧೈರ್ಯ ಯಾರೂ ಮಾಡಬಾರದು.

ಅಂಗಳವೆಲ್ಲ ಕಾಂಕ್ರೀಟ್ ಆಗಿದ್ದರೆ ಸಿಮೆಂಟ್ ಚೀಲ, ಎಣ್ಣೆ ಡಬ್ಬ, ಒಡೆದ ಬಕೆಟ್ ಆಗುತ್ತವೆ. ಚೀಲವನ್ನು ಚೆನ್ನಾಗಿ ಕೊಡವಿ ತೊಳೆದು, ಬುಡದಲ್ಲಿ ಆರೆಂಟು ತೂತು ಮಾಡಿ. ಬಿಸಿಯೂಟದ ಅಕ್ಕಿ ಚೀಲಕ್ಕೆ ಲೆಕ್ಕ ಇರುತ್ತದೆ, ಮುಖ್ಯಶಿಕ್ಷಕರನ್ನು ಕೇಳದೆ ಮುಟ್ಟಬೇಡಿ.

ಮಣ್ಣು ಮತ್ತು ಮಡಿ

ಮೂರೇ ಮಡಿ ಮಾಡಿ. ಹತ್ತು ಮಾಡುವ ಉತ್ಸಾಹ ಬರುತ್ತದೆ, ತಡೆದುಕೊಳ್ಳಿ. ಪ್ರತಿ ಮಡಿ 10 ಅಡಿ ಉದ್ದ, 4 ಅಡಿ ಅಗಲ, ಮುಕ್ಕಾಲು ಅಡಿ ಎತ್ತರ. ಚಿಕ್ಕ ಮಕ್ಕಳ ಮಡಿ 3 ಅಡಿ ಅಗಲ ಇದ್ದರೆ ಸಾಕು, ಅವರ ಕೈ ಒಂದೂವರೆ ಅಡಿಗಿಂತ ಒಳಗೆ ಹೋಗುವುದಿಲ್ಲ. ನಡುವೆ 2 ಅಡಿ ಓಡಾಟದ ದಾರಿ ಬಿಡಿ. ಮಡಿ ಎತ್ತರಿಸುವುದು ಹಾಸನದ ಜುಲೈ ಮಳೆಗೆ ಹೆದರಿ. ನೆಲಮಟ್ಟದ ಪಾತಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ನಗರದ ಶಾಲೆಯ ಮಣ್ಣು ಅಂದರೆ ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಹಳೆಯ ಇಟ್ಟಿಗೆ, ಜಲ್ಲಿ, ಹೆಂಚಿನ ಚೂರು. ಅಗೆಸಿ ಇವನ್ನು ಆರಿಸಿ ತೆಗೆಯಿರಿ. ಮಣ್ಣು ಎಂಥದ್ದು ಎಂದು ತಿಳಿಯಲು ಒಂದು ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಕಿಟಕಿಯ ಮೇಲಿಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಹಿಡಿಯುತ್ತದೆ, ಒಂದೆರಡು ಗಂಟೆಯಲ್ಲಿ ಅದರ ಮೇಲೆ ನುಣುಪು ಗೋಡು, ಮರುದಿನ ಜೇಡಿಯ ಪದರ. ಮೂರು ಪದರವನ್ನೂ ಸ್ಕೇಲಿನಲ್ಲಿ ಅಳೆದು ಶೇಕಡಾ ಲೆಕ್ಕ ಹಾಕುವುದು ಏಳನೇ ತರಗತಿಯವರ ಕೆಲಸ. ರಸಸಾರ, ಪೋಷಕಾಂಶ ತಿಳಿಯಬೇಕಿದ್ದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಣ್ಣನ್ನು ಐದಾರು ಕಡೆ ಅರ್ಧ ಅಡಿ ಆಳದಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಒಯ್ಯಬೇಕು.

ಕಳೆ ಕೀಳುವಾಗ ಮಕ್ಕಳಿಗೆ ಒಂದು ಗಿಡ ಮಾತ್ರ ಮುಟ್ಟಬೇಡಿ ಎಂದು ಹೇಳಿಕೊಡಿ: ಪಾರ್ಥೇನಿಯಂ, ನಮ್ಮ ಕಡೆಯ ಕಾಂಗ್ರೆಸ್ ಗಿಡ. ಮೈ ಕೆರೆತ, ಉಬ್ಬಸ ಎರಡನ್ನೂ ತರುತ್ತದೆ. ಹೂ ಬಿಡುವ ಮೊದಲೇ ದೊಡ್ಡವರು ಕೈಗವಸು ಹಾಕಿ ಬೇರು ಸಮೇತ ಕೀಳಬೇಕು.

ಮಡಿಯೊಂದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನಾಲ್ಕೈದು ಬಾಂಡ್ಲಿ ಬೆರೆಸಿ. ಚೀಲ, ಡಬ್ಬಗಳಿಗಾದರೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನೆಂಟರಿರುವ ಪೋಷಕರು ಸಿಕ್ಕರೆ ನಾರಿನ ಪುಡಿಗೆ ದುಡ್ಡು ಕೊಡಬೇಕಾಗಿಯೇ ಇಲ್ಲ.

ಗೊಬ್ಬರದ ಬಿಸಿ

ಬೆಳಿಗ್ಗೆ ಗುಡಿಸಿದ ತರಗೆಲೆಗೆ ಶಾಲೆಯ ಮೂಲೆಯಲ್ಲಿ ಬೆಂಕಿ ಇಡುವುದನ್ನು ಇವತ್ತೇ ನಿಲ್ಲಿಸಿ. ಮೂರಡಿ ಅಗಲ, ಮೂರಡಿ ಎತ್ತರದ ತಂತಿಬಲೆಯ ಉಂಗುರ ಎರಡು ಮಾಡಿಸಿ. ಅದಕ್ಕಿಂತ ಸಣ್ಣದಾದರೆ ರಾಶಿ ಬಿಸಿಯೇರುವುದಿಲ್ಲ. ಒಂದು ಗೇಣು ತರಗೆಲೆ, ಅದರ ಮೇಲೆ ನಾಲ್ಕು ಬೆರಳು ತರಕಾರಿ ಸಿಪ್ಪೆ, ಮೇಲೆ ಒಂದು ಚೊಂಬು ಸಗಣಿ ನೀರು, ಒಂದು ಹಿಡಿ ಹಳೆಯ ಮಣ್ಣು. ಹೀಗೆ ಪದರ ಪದರವಾಗಿ ತುಂಬಿ. ನೀಲಗಿರಿ ಎಲೆ ಬೇಡ, ಸಿಲ್ವರ್ ಓಕ್ ಎಲೆ ಕಳಿಯಲು ಬಹಳ ಕಾಲ ಹಿಡಿಯುತ್ತದೆ. ಮಿಕ್ಕ ಅನ್ನ ಸಾಂಬಾರ್ ಹಾಕಿದರೆ ಇಲಿ, ನಾಯಿ ಬರುತ್ತವೆ. ಹಸಿ ಸಿಪ್ಪೆ ಮಾತ್ರ ಹಾಕಿ.

ನಾಲ್ಕನೇ ದಿನ ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಮಕ್ಕಳು ಒಬ್ಬೊಬ್ಬರಾಗಿ ಮುಟ್ಟಲಿ. ನಮ್ಮಲ್ಲಿ ಒಬ್ಬಳು ಸರಳು ಮುಟ್ಟಿ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, "ಒಳಗಡೆ ಯಾರೋ ಒಲೆ ಹಚ್ಚಿದಾರೆ ಮಿಸ್" ಅಂದಳು. ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡುವ ಬಿಸಿ ಅದು ಎಂದು ಹೇಳಲು ಅದೇ ಸರಿಯಾದ ಗಳಿಗೆ. ಒಳ್ಳೆಯ ರಾಶಿ 55 ರಿಂದ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹತ್ತು ದಿನಕ್ಕೊಮ್ಮೆ ಮಗುಚಿ ಹಾಕಿ. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ತೇವ ಸರಿಯಿದೆ, ಧಾರೆ ಬಂದರೆ ಒಣ ಎಲೆ ಸೇರಿಸಿ. ವಾಸನೆಗೂ ಮದ್ದು ಒಣ ಎಲೆಯೇ. ಮೂರು ತಿಂಗಳಿಗೆ ಕಪ್ಪು ಪುಡಿಯಾಗಿ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು.

ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದರಿಂದ ಚಿಪ್ಪು ರಾಶಿ ಬೀಳುತ್ತದೆ. ತೊಳೆದು, ಒಣಗಿಸಿ, ಕುಟ್ಟಿ ಪುಡಿ ಮಾಡಿ ರಾಶಿಗೆ ಸೇರಿಸಿ. ಸುಣ್ಣದ ಅಂಶ ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ.

ಯಾವಾಗ ಏನು ಬಿತ್ತಬೇಕು

ಇಲ್ಲಿಗೆ ಬಂದರೆ ಎಲ್ಲವೂ ತಾರೀಖಿನ ಮಾತು. ಜೂನ್ ಮೊದಲ ವಾರ, ರೋಹಿಣಿ ಮಳೆ ಮುಗಿಯುವ ಹೊತ್ತು. ಮಡಿ ಸಿದ್ಧವಾಗುವ ಮೊದಲೇ ಆಲೂಗೆಡ್ಡೆ ಚೀಲ ಶುರು ಮಾಡಿಬಿಡಿ. ಹಾಸನದ ಮಗುವಿಗೆ ಆಲೂಗೆಡ್ಡೆ ಗಿಡ ಗೊತ್ತಿರಲೇಬೇಕು. ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಲಾರಿಗಳಲ್ಲಿ ನಮ್ಮ ಎಪಿಎಂಸಿಗೆ ಬರುತ್ತದೆ, ನಗರದ ಹತ್ತಿರ ಸೋಮನಹಳ್ಳಿ ಕಾವಲಿನಲ್ಲಿ ಆಲೂಗೆಡ್ಡೆ ಸಂಶೋಧನೆಯೂ ನಡೆಯುತ್ತದೆ. ಎರಡು ಕಣ್ಣಿರುವಂತೆ ಗೆಡ್ಡೆ ಕತ್ತರಿಸಿ, ಗಾಯಕ್ಕೆ ಬೂದಿ ಹಚ್ಚಿ, ಒಂದು ದಿನ ನೆರಳಲ್ಲಿ ಆರಲು ಬಿಡಿ. ಚೀಲದ ಬಾಯಿ ಮಡಚಿ ಅರ್ಧ ಅಡಿ ಮಣ್ಣು ತುಂಬಿ, ಮೂರು ತುಂಡು ನೆಟ್ಟು ಮುಚ್ಚಿ. ಗಿಡ ಒಂದು ಗೇಣು ಬೆಳೆದಂತೆಲ್ಲ ಚೀಲದ ಬಾಯಿ ಬಿಚ್ಚಿ ಇನ್ನಷ್ಟು ಮಣ್ಣು ಏರಿಸಿ. ಮಳೆ ಜೋರಾದಾಗ ಚೀಲವನ್ನು ಸೂರಿನ ಕೆಳಗೆ ಎಳೆದುಕೊಳ್ಳಬಹುದು, ಚೀಲದ ದೊಡ್ಡ ಅನುಕೂಲ ಅದೇ. ಸುಮಾರು 90 ದಿನಕ್ಕೆ, ಗಣೇಶ ಹಬ್ಬದ ಆಸುಪಾಸಿನಲ್ಲಿ, ಚೀಲ ಬೋರಲು ಹಾಕುವ ದಿನ ಬರುತ್ತದೆ. ಅವತ್ತು ಇಡೀ ಶಾಲೆಯನ್ನು ಹೊರಗೆ ಕರೆಯಿರಿ.

ಎಲೆಯಲ್ಲಿ ಕಂದು ಕಲೆ ಬಿದ್ದು, ಅಡಿಯಲ್ಲಿ ಬಿಳಿ ಬೂಜು ಕಂಡರೆ ಅದು ಅಂಗಮಾರಿ. ಗಿಡ ಕಿತ್ತು ಬೇಸರಪಟ್ಟುಕೊಳ್ಳುವ ಮೊದಲು ಮಕ್ಕಳಿಗೆ ತೋರಿಸಿ, ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ. ಈ ಒಂದು ರೋಗ ಎಷ್ಟು ರೈತರನ್ನು ಆಲೂಗೆಡ್ಡೆ ಬಿಟ್ಟು ಮೆಕ್ಕೆಜೋಳ, ಶುಂಠಿಯ ಕಡೆ ತಿರುಗಿಸಿತು ಎಂಬುದು ಅವರ ಅಜ್ಜಂದಿರ ಬಾಯಲ್ಲೇ ಇದೆ. ಬಿಸಿಲಿಗೆ ಬಿದ್ದು ಹಸಿರಾದ ಗೆಡ್ಡೆ ತಿನ್ನಬಾರದು, ವಿಷ, ಎನ್ನುವುದನ್ನೂ ಅವತ್ತೇ ಹೇಳಿಬಿಡಿ.

ಮೃಗಶಿರ ಮುಗಿದು ಆರಿದ್ರಾ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಮೂರನೇ ವಾರ, ಮೊದಲ ಮಡಿಗೆ ಹುರುಳಿಕಾಯಿ, ಎರಡನೆಯದಕ್ಕೆ ದಂಟು, ಹತ್ತು ದಿನ ಬಿಟ್ಟು ಮೂರನೆಯದಕ್ಕೆ ಮೂಲಂಗಿ. ಬೀಜ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಿನ ಅಂಗಡಿಗಳಲ್ಲಿ ಸಿಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ಸಿಕ್ಕರೆ ಹುರುಳಿಕಾಯಿಗೆ ಅರ್ಕಾ ಕೋಮಲ್, ಪಾಲಕ್‌ಗೆ ಅರ್ಕಾ ಅನುಪಮ ಕೇಳಿ. ಬಿತ್ತುವ ಮೊದಲು ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದು ದಿನದಲ್ಲಿ ಏಳಕ್ಕಿಂತ ಕಡಿಮೆ ಮೊಳೆತರೆ ಆ ಪೊಟ್ಟಣ ಬೇಡ.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಮಕ್ಕಳು ಒಂದೇ ಕಡೆ ಸುರಿದುಬಿಡುತ್ತಾರೆ. ಒಂದು ಚಮಚ ಬೀಜಕ್ಕೆ ಐದಾರು ಚಮಚ ಒಣ ಮರಳು ಬೆರೆಸಿ, ಮೂರು ಬೆರಳಲ್ಲಿ ಹಿಡಿದು ರಂಗೋಲಿ ಎಳೆಯುವಂತೆ ಸಾಲಾಗಿ ಬಿಡಿಸಿ. ಹಾಗೆಂದು ಹೇಳಿಕೊಟ್ಟ ಕೂಡಲೇ ಹೆಣ್ಣು ಮಕ್ಕಳಿಗೆ ಕೈ ತಿರುಗಿತು, ಗಂಡು ಹುಡುಗರು ಅವರ ಹತ್ತಿರ ನಿಂತು ಕಲಿತರು. ಬಿತ್ತಿದ ರಾತ್ರಿಯೇ ಇರುವೆ ಬೀಜ ಹೊತ್ತೊಯ್ಯುತ್ತವೆ. ಮಡಿಯ ಸುತ್ತ ಸ್ವಲ್ಪ ರವೆ ಉದುರಿಸಿ, ಅವು ಅದನ್ನು ಹೊರುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ದಂಟು 30 ರಿಂದ 35 ದಿನಕ್ಕೆ, ಮೂಲಂಗಿ 40 ರಿಂದ 45ಕ್ಕೆ, ಹುರುಳಿಕಾಯಿ 50 ರಿಂದ 60 ದಿನಕ್ಕೆ ಕೈಗೆ ಬರುತ್ತವೆ.

ಪುನರ್ವಸು, ಪುಷ್ಯ ಮಳೆಯಲ್ಲಿ, ಜುಲೈ ತಿಂಗಳಿಡೀ, ಮೆಂತ್ಯ ಕೊತ್ತಂಬರಿ ಬಿತ್ತಲು ಹೋಗಬೇಡಿ, ಕೊಳೆಯುತ್ತವೆ. ಆಗ ಜಗುಲಿಯ ಮೇಲೆ ಟ್ರೇಗಳಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಒಟ್ಲು ಹಾಕಿ. ಬೇಲಿಯ ಉದ್ದಕ್ಕೂ ಊರ ಅವರೆ ಊರಿ. ಈ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಮಕ್ಕಳು ಆಗಸ್ಟ್‌ನಿಂದ ಕಾದು ಕಾದು ನವೆಂಬರ್‌ನಲ್ಲಿ ಹೂ ಕಾಣುತ್ತಾರೆ. ಒಟ್ಲಿನ ಸಸಿ 25 ರಿಂದ 30 ದಿನವಾದ ಮೇಲೆ, ಸ್ವಾತಂತ್ರ್ಯೋತ್ಸವ ಮುಗಿಸಿ, ಖಾಲಿಯಾದ ಮಡಿಗೆ ಸಂಜೆ ಹೊತ್ತು ನಾಟಿ ಮಾಡಿ. ಟೊಮೆಟೊ ಹಣ್ಣಾಗಲು 65 ರಿಂದ 70 ದಿನ. ಲೆಕ್ಕ ಹಾಕಿ ನೋಡಿ, ದಸರಾ ರಜೆ ಮುಗಿಸಿ ಮಕ್ಕಳು ವಾಪಸ್ ಬರುವ ಹೊತ್ತಿಗೆ ಮೊದಲ ಹಣ್ಣು ಕೆಂಪಾಗುತ್ತದೆ. ರಜೆಯಲ್ಲಿ ಹಸ್ತ, ಚಿತ್ತಾ ಮಳೆ ಬಂದರೆ ನೀರಿನ ಚಿಂತೆ ಕಡಿಮೆ, ಗೇಟು ಹಾಕಿಸುವ ಚಿಂತೆ ಮಾತ್ರ.

ದಸರಾದಿಂದ ಸಂಕ್ರಾಂತಿವರೆಗೆ ಸೊಪ್ಪಿನ ಕಾಲ. ಇಬ್ಬನಿ, ಹದವಾದ ಬಿಸಿಲು, ಮಳೆಯೂ ಬರಬರುತ್ತ ಕಡಿಮೆ. ಕೊತ್ತಂಬರಿಯನ್ನು ಬಾಟಲಿ ಉರುಳಿಸಿ ಎರಡು ಹೋಳಾಗಿ ಒಡೆದು ಬಿತ್ತಬೇಕು, ಪಾಲಕ್ ಬೀಜ ರಾತ್ರಿ ನೆನೆಸಬೇಕು, ಮೆಂತ್ಯಕ್ಕೆ ಏನೂ ಬೇಡ, 25 ರಿಂದ 30 ದಿನಕ್ಕೆ ಬಂದುಬಿಡುತ್ತದೆ. ಪಾಲಕ್ ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಫೆಬ್ರುವರಿ ಎರಡನೇ ವಾರಕ್ಕೆ ಕೊನೆಯ ಬಿತ್ತನೆ. ಆಮೇಲೆ ಪರೀಕ್ಷೆ. ಚೆನ್ನಾಗಿ ಬೆಳೆದ ನಾಲ್ಕು ದಂಟಿನ ಗಿಡವನ್ನು ಬೀಜಕ್ಕೆ ಬಿಡಿ, ತೆನೆ ಒಣಗಿಸಿ ಉದುರಿಸಿ ಬೂದಿ ಬೆರೆಸಿ ಬಾಟಲಿಯಲ್ಲಿಡಿ.

ಕರಿಬೇವು, ನುಗ್ಗೆ, ಪಪ್ಪಾಯಿ, ಬಾಳೆ, ನಿಂಬೆ ಇವನ್ನು ಮೊದಲ ಜೂನ್‌ನಲ್ಲೇ ಅಂಚಿಗೆ ನೆಟ್ಟುಬಿಡಿ. ನುಗ್ಗೆಯನ್ನು ಎದೆಮಟ್ಟಕ್ಕೆ ಸವರುತ್ತಿದ್ದರೆ ಮಕ್ಕಳ ಕೈಗೆ ಸೊಪ್ಪು ಎಟಕುತ್ತದೆ.

ನೀರಿನ ಲೆಕ್ಕ

ಬಿಸಿಲುಗಾಲದಲ್ಲಿ ಒಂದು ಮಡಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಬಿಂದಿಗೆ ನೀರು ಬೇಕು. ಹುಲ್ಲು, ತರಗೆಲೆ ಹೊದಿಸಿದ ಮಡಿಗೆ ಇನ್ನೂ ಕಡಿಮೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 10 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಕೊಠಡಿಯ ಸೂರಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,200 ಲೀಟರ್. ಚೆಲ್ಲಿದ್ದು, ಇಂಗಿದ್ದು ಕಳೆದರೂ ಸುಮಾರು 960 ಲೀಟರ್ ಡ್ರಮ್ಮಿಗೆ ಬರಬೇಕು. ಈ ಲೆಕ್ಕ ಮಾಡಿದ ದಿನ ನಮ್ಮ ಆರನೇ ತರಗತಿಯವರು ಚರಂಡಿಗೆ ಹೋಗುವ ನೀರನ್ನು ನೋಡುತ್ತ ನಿಂತಿದ್ದರು. ಮಳೆ ಅಳೆಯಲು ನೇರ ಬದಿಯ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಒಳಗಿಟ್ಟರೆ ಸಾಕು. ತಳದ ಉಬ್ಬುತಗ್ಗಿಗೆ ಸಣ್ಣ ಕಲ್ಲು ಹಾಕಿ ನೀರು ತುಂಬಿ, ಆ ಮಟ್ಟದಿಂದ ಸೊನ್ನೆ ಗುರುತು ಹಾಕಿ.

ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ. ವಾರಕ್ಕೊಮ್ಮೆ ತಟ್ಟೆ, ಡಬ್ಬಗಳಲ್ಲಿ ನಿಂತ ನೀರು ಚೆಲ್ಲಿಸಿ. ಕೈ ತೊಳೆದ ಸೋಪಿನ ನೀರನ್ನು ಬಾಳೆ, ಹೂಬಾಳೆಯ ಗುಂಡಿಗೆ ಬಿಡಿ, ಸೊಪ್ಪಿನ ಮಡಿಗೆ ಬೇಡ.

ಹುಳ

ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಒರೆಸಿ ಹಾಕಬೇಡಿ. ಹತ್ತಿರದಿಂದ ನೋಡಿ, ಅದು ಚಿಟ್ಟೆಯ ಮರಿಹುಳ. ಬೆಳೆದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ವಾಸನೆ ಬಿಡುತ್ತದೆ. ಒಂದು ಕೊಂಬೆ ಅದಕ್ಕೆ ಬಿಟ್ಟುಕೊಡಿ.

ಗಿಡಕ್ಕೆ ಸಸ್ಯಹೇನು ಮುತ್ತಿದರೆ ಬೆಳಿಗ್ಗೆ ಇಬ್ಬನಿ ಇರುವಾಗ ಬೂದಿ ಎರಚಿ. ಹೋಗದಿದ್ದರೆ ಲೀಟರ್ ನೀರಿಗೆ 3 ರಿಂದ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ರಾಸಾಯನಿಕ ಕೀಟನಾಶಕದ ಬಾಟಲಿ ಶಾಲೆಯ ಗೇಟಿನೊಳಗೇ ಬರಕೂಡದು. ಮಳೆಗಾಲದಲ್ಲಿ ಬಸವನಹುಳು ಒಂದೇ ರಾತ್ರಿಗೆ ಮಡಿ ಬೋಳಿಸುತ್ತವೆ. ಸಂಜೆ ಒದ್ದೆ ಗೋಣಿಚೀಲ, ಪಪ್ಪಾಯಿ ಎಲೆ ಹಾಸಿಡಿ, ಬೆಳಿಗ್ಗೆ ಅಡಿಯಲ್ಲಿ ಸೇರಿರುತ್ತವೆ. ದೊಡ್ಡವರು ಕೈಗವಸು ಹಾಕಿ ಆರಿಸಿ ಉಪ್ಪು ನೀರಿಗೆ ಹಾಕಬೇಕು. ಅವುಗಳಲ್ಲಿ ಮನುಷ್ಯರಿಗೆ ಅಂಟುವ ಪರಾವಲಂಬಿ ಹುಳು ಇರಬಹುದು, ಮಕ್ಕಳು ಬರಿಗೈಲಿ ಮುಟ್ಟಬಾರದು. ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತ ಹಾಕುವುದಾದರೆ ಮಣ್ಣಿಗೆ ಮಾತ್ರ. ತಿನ್ನುವ ಸೊಪ್ಪಿನ ಮೇಲೆ ಹಸಿ ಸಗಣಿಯ ನೀರು ಬೀಳಬಾರದು.

ತಕ್ಕಡಿ ಮತ್ತು ಪಾತ್ರೆ

ಕೊಯ್ದದ್ದೆಲ್ಲ ಅಡುಗೆಮನೆಗೆ ಹೋಗುವ ಮುಂಚೆ ತಕ್ಕಡಿಗೆ ಬರಬೇಕು. ನಮ್ಮ ಒಂದು ದಂಟಿನ ಮಡಿ 4 ರಿಂದ 5 ಕಿಲೋ ಕೊಡುತ್ತದೆ. ಬಿಸಿಯೂಟದ ನಿಯಮದ ಪ್ರಕಾರ ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕದವರಿಗೆ 75 ಗ್ರಾಂ. ಅಂದರೆ ಐದು ವಾರ ನೀರು ಹಾಕಿದ ಮಡಿ ನೂರು ಚಿಕ್ಕ ಮಕ್ಕಳಿಗೆ ಒಂದು ಹೊತ್ತಿನ ಸಾರಿಗೆ ಸರಿಹೋಯಿತು. ಈ ಲೆಕ್ಕವನ್ನು ಮುಚ್ಚಿಡಬೇಡಿ, ಮಕ್ಕಳಿಂದಲೇ ಮಾಡಿಸಿ. ಅವತ್ತಿನಿಂದ ನಮ್ಮಲ್ಲಿ ತಟ್ಟೆಯ ಅಂಚಿಗೆ ಸೊಪ್ಪು ಎತ್ತಿಡುವುದು ಕಡಿಮೆಯಾಯಿತು. ಸಾರಿನಲ್ಲಿ ತಮ್ಮ ದಂಟು ಹುಡುಕುವ ಮಕ್ಕಳು ಬಡಿಸುವ ಅಕ್ಕನಿಗೆ "ಇನ್ನೊಂಚೂರು ಅಡಿಯಿಂದ ಹಾಕಿ" ಅನ್ನತೊಡಗಿದರು. ಬೆಳೆ ಎಷ್ಟೇ ಕಡಿಮೆ ಬರಲಿ, ವಾರಕ್ಕೊಮ್ಮೆಯಾದರೂ ಶಾಲೆಯ ಮಣ್ಣಿನದ್ದು ಆ ಪಾತ್ರೆಗೆ ಬೀಳಲಿ, ನಾಲ್ಕು ಎಸಳು ಕರಿಬೇವಾದರೂ ಸರಿ. ಅದು ನಿಂತರೆ ಮಕ್ಕಳ ಆಸಕ್ತಿಯೂ ನಿಲ್ಲುತ್ತದೆ.

ತಿಂಗಳಿಗೊಮ್ಮೆ ಬೀದಿಯ ಹಿರಿಯರನ್ನು ಕರೆಯಿರಿ. ಒಬ್ಬ ಅಜ್ಜಿ ಬಂದು ಮಡಿ ನೋಡುವುದು ಬಿಟ್ಟು, ನಾವು ಕಳೆ ಅಂತ ಕಿತ್ತು ಎಸೆದಿದ್ದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಇದು ಗಣಿಕೆ, ಇದು ಹೊನಗೊನೆ, ಇದು ಗೋಣಿಸೊಪ್ಪು. ಇದ್ನೆಲ್ಲ ಎಸೀತಾರೇನವ್ವ? ಬೆರಕೆ ಸೊಪ್ಪಿನ ಬಸ್ಸಾರಿಗೆ ಇದೇ ಬೇಕು" ಅಂತ ಒಂದೊಂದನ್ನೂ ಮಕ್ಕಳ ಅಂಗೈ ಮೇಲಿಟ್ಟರು. ಅಂದಿನಿಂದ ಕಳೆ ಕೀಳುವಾಗ ಎರಡು ಬುಟ್ಟಿ. ಗೊತ್ತಿಲ್ಲದ ಗಿಡವನ್ನು ದೊಡ್ಡವರು ಗುರುತಿಸದೆ ಬಾಯಿಗಿಡಬಾರದು ಎಂಬ ನಿಯಮವೂ ಅದರ ಜೊತೆಗೆ ಬಂತು.

ಅದೇ ಹಿರಿಯರ ಹತ್ತಿರ ಇನ್ನೊಂದು ಪಾಠ ಇದೆ. ಕಟ್ಟಿನಕೆರೆ, ಹುಣಸಿನಕೆರೆ, ಚನ್ನಪಟ್ಟಣ ಕೆರೆ ಎಂದು ಹೆಸರು ಹೇಳುತ್ತೇವೆ. ಅಲ್ಲಿ ನೀರು ಎಲ್ಲಿವರೆಗೆ ಇತ್ತು, ಯಾವ ಕಡೆಯಿಂದ ಬರುತ್ತಿತ್ತು ಎಂದು ಮಕ್ಕಳು ಕೇಳಿ ಬರಲಿ, ನಗರದ ನಕ್ಷೆಯ ಮೇಲೆ ನೀಲಿ ಬಣ್ಣ ತುಂಬಲಿ. ಶಾಲೆಯ ಸೂರಿನ ನೀರು ಹರಿದು ಎಲ್ಲಿಗೆ ಸೇರುತ್ತದೆ ಎಂದು ಚರಂಡಿ ಹಿಡಿದು ಒಂದು ದಿನ ನಡೆದುಕೊಂಡೇ ಹೋಗಿ ನೋಡಿ.

ಬೇಸಿಗೆ ರಜೆಯ ಬೆಳೆ

ನನ್ನ ಮೊದಲ ತೋಟ ಸತ್ತದ್ದು ಇಲ್ಲಿ. ಏಪ್ರಿಲ್, ಮೇ ತಿಂಗಳಿಗೆ ನೀರು ಹಾಕುವವರನ್ನು ಹುಡುಕಿ ಸುಸ್ತಾಗಿದ್ದೆ. ಕಡೆಗೆ ಒಬ್ಬ ರೈತರು ಹೇಳಿದ ದಾರಿ ಸುಲಭದ್ದು: ಆ ಏಳು ವಾರ ಮಣ್ಣಿಗೇ ಬೆಳೆದುಕೊಡಿ. ಏಪ್ರಿಲ್ ಮೊದಲ ವಾರ ಮಡಿ ಖಾಲಿ ಮಾಡಿ, ಕೆದಕಿ, ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಸೆಣಬು ಮತ್ತು ಹುರುಳಿಕಾಳಿನ ಬೀಜ ಬೆರೆಸಿ ಮಡಿಗೊಂದು ಹಿಡಿ ಎರಚಿ. ರಜೆ ಬಿಡುವವರೆಗೆ ದಿನವೂ ನೀರು ಹಾಕಿ ಮೊಳಕೆ ಬರಿಸಿ, ತೆಳ್ಳಗೆ ಹುಲ್ಲು ಹೊದಿಸಿ. ಆಮೇಲೆ ಅಶ್ವಿನಿ, ಭರಣಿ ಮಳೆ ನೋಡಿಕೊಳ್ಳುತ್ತದೆ. ಮಳೆ ಕೈಕೊಟ್ಟರೆ ವಾರಕ್ಕೊಮ್ಮೆ ಕ್ರಿಕೆಟ್ ಹುಡುಗರು ಎರಡು ಬಿಂದಿಗೆ ಸುರಿದರೆ ಸಾಕು. ಇವು ನೆಲ ಮುಚ್ಚಿ ಬೆಳೆಯುವುದರಿಂದ ಪಾರ್ಥೇನಿಯಂ ಏಳುವುದಿಲ್ಲ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಮಣ್ಣಿಗೆ ಸೇರುತ್ತದೆ. ಸೆಣಬನ್ನು ಮಣ್ಣಿಗೆ ಸೇರಿಸುವ ಹದ ಸುಮಾರು 45 ದಿನ, ಹೂ ಬಿಡುವ ಹೊತ್ತು. ಬಿತ್ತಿದ ದಿನದಿಂದ ಎಣಿಸಿದರೆ ಶಾಲೆ ತೆರೆಯುವ ಹೊತ್ತಿಗೆ ಸರಿಯಾಗುತ್ತದೆ.

ಮೇ ಕೊನೆಯಲ್ಲಿ ಗೇಟು ತೆಗೆದಾಗ ಮಡಿಗಳ ಮೇಲೆ ಹಳದಿ ಹೂ ಇರುತ್ತದೆ. ಒಂದು ಗಿಡ ಮೆಲ್ಲಗೆ ಕಿತ್ತು ಬೇರಿನ ಗಂಟು ಒಡೆದು ಒಳಗಿನ ತೆಳು ಕೆಂಪು ಬಣ್ಣ ಮಕ್ಕಳಿಗೆ ತೋರಿಸಿ. ಕಾಯಿ ಕಟ್ಟಲು ಬಿಡದೆ ದೊಡ್ಡವರು ಕುಡುಗೋಲಿನಲ್ಲಿ ಕೊಯ್ದು, ತುಂಡು ಮಾಡಿ, ಅಲ್ಲಲ್ಲೇ ಅಗೆದು ಮುಚ್ಚಲಿ. ಕಳಿಯಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಆ ಮಡಿಯಲ್ಲಿ ಏನೂ ಬಿತ್ತಬೇಡಿ. ಅಷ್ಟರಲ್ಲಿ ಆಲೂಗೆಡ್ಡೆ ಚೀಲ ಕಟ್ಟಿ, ನೆರಳಿನ ಗೆರೆ ಎಳೆಸಿ, ಹೊಸದಾಗಿ ಸೇರಿದ ಮಕ್ಕಳ ಹೆಸರು ಬರೆದು ಮಡಿ ಹಂಚಿ. ಬೂದಿ ಬೆರೆಸಿ ಇಟ್ಟ ದಂಟಿನ ಬೀಜದ ಬಾಟಲಿ ಬೀರುವಿನಲ್ಲೇ ಇರುತ್ತದೆ, ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.